ಅಣ್ಣನ ಪರವಾಗಿ ಕೊಟ್ಟ ಮಾತು

ನಾನು ಹುಟ್ಟಾ ಪುಕ್ಕಲಿ. ಕುಕ್ಕರ್ ಮೂರನೆಯ ಸೀಟಿ ಹಾಕುವ ಮುಂಚೆ ಒಮ್ಮೆ ಕೈಮುಗಿಯುತ್ತೇನೆ. ಹಾಕಿದ ಮೇಲೆ, ಸಿಡಿಯಲಿಲ್ಲವಲ್ಲ ಎಂದು ಇನ್ನೊಮ್ಮೆ. ಇಂಥವಳಿಗೆ ದೇವರು ರಾಯಭಾರಿಯೊಬ್ಬನನ್ನು ಅಣ್ಣನಾಗಿ ಕೊಡಬಾರದಿತ್ತು.

ಉಡಿಗಾಲದಲ್ಲಿ ಹುಟ್ಟಿ, ಚಾಮರಾಜನಗರದಲ್ಲಿ ಓದಿ, ಅದ್ಯಾವುದೋ ದೊಡ್ಡ ಪರೀಕ್ಷೆ ಪಾಸು ಮಾಡಿದ ಅಣ್ಣ ವಿದೇಶಾಂಗ ಸೇವೆಗೆ ಸೇರಿದಾಗ, ಸೂಟು ಹಾಕಿಕೊಂಡು ಕೈಕುಲುಕುವ ಕೆಲಸವೆಂದು ನಾವೆಲ್ಲ ನೆಮ್ಮದಿಯಾಗಿದ್ದೆವು. ಆದರೆ ಸರ್ಕಾರ ಅವನನ್ನು ಕಳಿಸಿದ್ದೆಲ್ಲ ಗುಂಡು ಹಾರುವ ಊರುಗಳಿಗೇ. ಮೊದಲ ದೇಶದಲ್ಲಿ ದಂಗೆಯೆದ್ದು ಮೂರು ದಿನ ಫೋನು ಸಿಗದಿದ್ದಾಗ, ಗುಂಡ್ಲುಪೇಟೆಯ ನನ್ನ ಅಡುಗೆಮನೆಯಲ್ಲಿ ನಿಂತು, 'ಗೋಪಾಲಸ್ವಾಮಿ, ಅವನನ್ನು ಉಳಿಸು. ಬರಿಗಾಲಲ್ಲಿ ನಿನ್ನ ಬೆಟ್ಟ ಹತ್ತಿಸುತ್ತೇನೆ' ಎಂದುಬಿಟ್ಟೆ. ಉಳಿದ. ಆಮೇಲೆ ಅವನು ಕಾರ್ಯದರ್ಶಿಯಾದ, ರಾಯಭಾರಿಯಾದ, ಎಲ್ಲೋ ಸಿಕ್ಕಿಬಿದ್ದ ನಮ್ಮ ಜನರನ್ನೆಲ್ಲ ವಿಮಾನ ಹತ್ತಿಸಿ ಕಟ್ಟಕಡೆಗೆ ತಾನು ಹೊರಟು ಹೆಸರು ಮಾಡಿದ. ಪ್ರತಿ ಸಲವೂ ನಾನು ಅದೇ ಹರಕೆಯನ್ನು ದೇವರಿಗೆ ನೆನಪಿಸುತ್ತಿದ್ದೆ. ಬೈದಾನೆಂಬ ಭಯಕ್ಕೆ ಅವನಿಗೆ ಮಾತ್ರ ಹೇಳಿರಲಿಲ್ಲ.

ನಿವೃತ್ತನಾಗಿ ಮೈಸೂರಿಗೆ ಬಂದವನಿಗೆ ಈಚೆಗೆ ಎದೆನೋವು. ಮುಂದಿನ ವಾರ ಸ್ಟೆಂಟ್ ಹಾಕಬೇಕು, ಅಲ್ಲಿಯವರೆಗೆ ಮೆಟ್ಟಿಲು, ಗುಡ್ಡ ಹತ್ತಬೇಡಿ ಎಂದರು ಡಾಕ್ಟರು. ಹರಕೆ ತೀರಿಸದ್ದಕ್ಕೇ ಹೀಗಾಯಿತೆಂದು ಹೆದರಿ ಅಣ್ಣನಿಗೆ ಎಲ್ಲ ಹೇಳಿಬಿಟ್ಟೆ.

"ನನ್ ಪರ್ವಾಗಿ ಒಪ್ಪಂದ ಮಾಡ್ಕೊಳೋಕ್ ಮುಂಚೆ ನನ್ನೊಂದ್ ಮಾತು ಕೇಳ್ಬಾರ್ದಿತ್ತೇನಮ್ಮಿ?" ಎಂದ. ನನ್ನ ಜೊತೆ ಅವನ ಬಾಯಲ್ಲಿ ಇವತ್ತಿಗೂ ಉಡಿಗಾಲದ ಮಾತೇ. "ಆಗ್ಲಿ, ನಡಿ ಓಗನ." ಬೈಯಲಿಲ್ಲ, ನನ್ನ ಪುಣ್ಯ.

ಬೆಟ್ಟದ ಬುಡದಲ್ಲಿ ಅರಣ್ಯದ ಕಾವಲುಗಾರ ತಡೆದ. "ನಡ್ಕೊಂಡ್ ಓಗಂಗಿಲ್ಲ ಕಣವ್ವ, ಸರ್ಕಾರಿ ಬಸ್ಸೇಯ."

"ಹರಕೆ ಕಣಪ್ಪ" ಎಂದೆ.

"ಆನೆಗೆ ನಿಮ್ಮ ಅರಕೆ ಗೊತ್ತಾದದಾ?"

ಅಣ್ಣ ಚಪ್ಪಲಿ ಕಳಚಿ ನನ್ನ ಚೀಲಕ್ಕೆ ತುರುಕಿದ. "ಬಸ್ನಲ್ಲಿ ನಾನು ಕೂರಲ್ಲ. ಬರಿಗಾಲಲ್ಲಿ ನಿಂತ್ಕೊಂಡೇ ಹತ್ತೀನಿ. ಸ್ವಾಮಿ, ಡಾಕ್ಟ್ರು, ಫಾರೆಸ್ಟು, ಮೂರ್ ಕಡೇರೂ ಒಪ್ಬೇಕು. ಜೀವಮಾನೆಲ್ಲಾ ಇದೇ ಕಣಮ್ಮಿ ನನ್ ಕೆಲ್ಸ."

ಸ್ವಾಮಿ ಒಪ್ಪಿದನೋ ಇಲ್ಲವೋ, ಬಸ್ಸು ಹೊರಟಿತು. "ಕೂತ್ಕಳಿ ಸಾ, ಸೀಟ್ ಖಾಲಿ ಅವೆ! ಬಿದ್ಬುಟ್ರೆ ನನ್ ತಲೆಗ್ ಬತ್ತದೆ" ಎಂದು ಕಂಡಕ್ಟರ್ ಗೋಗರೆದ. ಅಣ್ಣ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಗಾಳಿಗೆ ಕೆದರಿದ ಬೆಳ್ಳಿಗೂದಲನ್ನು ಸರಿಪಡಿಸಿಕೊಳ್ಳುತ್ತಿದ್ದ. ಈ ವಯಸ್ಸಿನಲ್ಲೂ ತಲೆತುಂಬ ಕೂದಲು. ಏರಿದ ಪದವಿಗಳಿಗಿಂತ ಅವನಿಗೆ ಅದರ ಮೇಲೆಯೇ ಅಭಿಮಾನ.

ಮೂರನೆಯ ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತಿತು. ಅಣ್ಣ ತೂರಾಡಿ ಎದೆಯ ಮೇಲೆ ಕೈಯಿಟ್ಟುಕೊಂಡ. ನಾನು ಕಣ್ಣು ಮುಚ್ಚಿದೆ. ತೆರೆದಾಗ, ಅಂಗಿಯ ಜೇಬಿನಲ್ಲಿದ್ದ ಕನ್ನಡಕ ಮುರಿಯಿತೇ ಎಂದು ನೋಡಿಕೊಳ್ಳುತ್ತಿದ್ದ, ಅಷ್ಟೆ.

ದರ್ಶನವಾಯಿತು. ಸ್ಟೆಂಟೂ ಸುಸೂತ್ರವಾಗಿ ಆಯಿತು. ನಿನ್ನೆ ಫೋನು ಮಾಡಿದ್ದ. "ಆ ತಿರುವ್ನಲ್ಲಿ ಕಣ್ ಮುಚ್ಕೊಂಡಿದ್ದೆಯಲ್ಲಾ, ನನ್ ಪರ್ವಾಗಿ ಇನ್ನೇನಾರ ಒಪ್ಕೊಂಡ್ಬುಟ್ಯಾ?"

"ಇಲ್ಲಣ್ಣ" ಎಂದೆ.

ಒಪ್ಪಿಕೊಂಡಿದ್ದೆ. ಗೋಪಾಲಸ್ವಾಮಿಗೆ ಹಳೆಯದೇ ತೀರಿಲ್ಲ, ಯಾವ ಮುಖದಲ್ಲಿ ಕೇಳಲಿ ಎಂದು ಹೆದರಿ ಈ ಸಲ ಇನ್ನೊಂದು ಬೆಟ್ಟದ ದೇವರು ಮಾದಪ್ಪನನ್ನು ಕೂಗಿದ್ದೆ: ಅಣ್ಣನನ್ನು ಉಳಿಸು, ತಲೆ ಬೋಳಿಸಿ ಅವನ ಮುಡಿ ಕೊಡಿಸುತ್ತೇನೆ.

ಭಾನುವಾರ ಊಟಕ್ಕೆ ಬರುತ್ತಾನಂತೆ. ಪಾಯಸ ಬಡಿಸುತ್ತ ಹೇಳಬೇಕೆಂದಿದ್ದೇನೆ. ಬಂದ ಕೂಡಲೇ ತಲೆ ಬಾಚಿಕೊಳ್ಳಲು ಕನ್ನಡಿ ಕೇಳದಿದ್ದರೆ ಸಾಕು ದೇವರೇ.