ನಮ್ಮ ಬಸ್ಸಿನ ಮಾತುಗಾರ ಕಂಡಕ್ಟರ್

ಹದಿನಾಲ್ಕು ವರ್ಷ ನಾನು ಬಸ್ ಓಡಿಸಿದೆ, ನನ್ನ ಕಂಡಕ್ಟರ್ ಅಷ್ಟೇ ವರ್ಷ ಬಾಯಿ ಓಡಿಸಿದ. ಕೊಪ್ಪಳ ಬಿಟ್ಟು ಕುಷ್ಟಗಿ ಮುಟ್ಟುವುದರೊಳಗೆ ಬಸ್ಸಿನಲ್ಲಿದ್ದವರ ಹೊಲ ಎಷ್ಟು, ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಎಲ್ಲ ಅವನಿಗೆ ಗೊತ್ತಾಗಿರುತ್ತಿತ್ತು. ಇಂಥವನ ಸಂಗಡ ದಿನಾ ಹತ್ತು ತಾಸು ಕಳೆದರೆ ಏನಾದರೊಂದು ಆಗದೆ ಇರುವುದಿಲ್ಲ. ಈಗ ಇಬ್ಬರೂ ರಿಟೈರ್ ಆಗಿದ್ದೇವೆ. ನಾನು ಇವನ್ನೆಲ್ಲ ಹೇಳಿದಾಗ ಅವನು ‘ಹಂಗ ಆಗಿಲ್ಲ’ ಅನ್ನುತ್ತಾನೆ. ಆದದ್ದು ಮಾತ್ರ ಹಿಂಗೇ.

ಸೀಟಿ

ಇರಕಲ್ಲಗಡದ ಕಡೆ ಡ್ಯೂಟಿ ಇದ್ದಾಗಿನ ಮಾತು. ಸ್ಟಾಪಿನಲ್ಲಿ ಬಸ್ ನಿಂತ ಕೂಡಲೇ ಇವನು ಇಳಿದು ಖಾನಾವಳಿ ಮುಂದೆ ಯಾರ ಜೊತೆಗೋ ಮಾತಿಗೆ ನಿಂತ. ನಾನು ಎಂಜಿನ್ ಬಂದ್ ಮಾಡದೆ ಕಾದೆ. ಸೀಟಿ ಕೇಳಿತು, ಗೇರ್ ಹಾಕಿ ಹೊರಟೆ. ಎರಡು ಕಿಲೋಮೀಟರ್ ಹೋದ ಮೇಲೆ ಹೆಣ್ಣುಮಗಳೊಬ್ಬಳು, ಟಿಕೆಟ್ ಕೊಡುವವರು ಎಲ್ಲಿ ಅಂತ ಕೇಳಿದಳು. ತಿರುಗಿ ನೋಡಿದರೆ ಕಂಡಕ್ಟರ್ ಇಲ್ಲ. ನಾನು ಕೇಳಿದ್ದು ಖಾನಾವಳಿಯ ಕುಕ್ಕರ್ ಸೀಟಿ.

ಬಸ್ ತಿರುಗಿಸಲು ಜಾಗವಿಲ್ಲ. ಮುಂದಿನ ಊರಿನಲ್ಲಿ ನಿಂತು ಕಾಯೋಣ ಅಂತ ಹೋದೆ. ಹೋಗಿ ನೋಡಿದರೆ, ಹಾಲಿನವನ ಬೈಕ್ ಹತ್ತಿ ಒಳದಾರಿಯಿಂದ ಬಂದ ಮಹಾರಾಯ ಅಲ್ಲಿನ ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂತಿದ್ದಾನೆ. ಬಸ್ ಹತ್ತಿದವನೇ ನನ್ನನ್ನೇ ಜಬರಿಸಿದ: “ಎಷ್ಟ ತಡಾ ಮಾಡ್ತಿ ದೋಸ್ತ? ಇಲ್ಲಿ ಮಂದಿ ಕಾದು ಕಾದು ಸುಸ್ತಾಗ್ಯಾರ.”

ಅಜ್ಜಿಯ ಕೈಯಲ್ಲಿ ಫೋನು

ಗಂಗಾವತಿ ಬಸ್ಸು, ಕಾಲಿಡಲು ಜಾಗವಿಲ್ಲದಷ್ಟು ಗದ್ದಲ. ಟಿಕೆಟ್ ಕೊಡುವಾಗ ಎರಡೂ ಕೈ ಬೇಕಾಗಿ ಇವನು ತನ್ನ ಫೋನನ್ನು ಸೀಟಿನಲ್ಲಿದ್ದ ಅಜ್ಜಿಯ ಕೈಗೆ ಕೊಟ್ಟು, ‘ಸ್ವಲ್ಪ ಹಿಡಿ ಬೇ’ ಅಂದಿದ್ದ. ಕೊಟ್ಟದ್ದನ್ನು ಮರೆತ. ಆಮೇಲೆ ಜೇಬೆಲ್ಲ ತಡಕಿ ಗಾಬರಿಯಾಗಿ ನನ್ನ ಹತ್ತಿರ ಬಂದ. ನಾನು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ನನ್ನ ಫೋನು ಕೊಟ್ಟೆ. ಅದರಿಂದ ತನ್ನ ನಂಬರಿಗೆ ಹಚ್ಚಿದ.

ಅಜ್ಜಿ ಎತ್ತಿದಳು. ಇವನು ‘ಹಲೋ, ಹಲೋ’ ಅನ್ನುತ್ತ ನನ್ನ ಪಕ್ಕದಲ್ಲೇ ನಿಂತಿದ್ದಾನೆ. ಅಜ್ಜಿ ಇವನ ಕಡೆ ಒಮ್ಮೆ ನೋಡಿ ಫೋನಿನಲ್ಲಿ ಹೇಳಿದಳು: “ಕಂಡಕ್ಟರ್ ಬ್ಯಾರೆ ಯಾರದೋ ಜೋಡಿ ಫೋನಿನ್ಯಾಗ ಮಾತಾಡಾಕತ್ಯಾನಪಾ. ಆಮ್ಯಾಲ ಮಾಡು.”

ಇಟ್ಟೇ ಬಿಟ್ಟಳು.

ಛಲೋ ಹುಡುಗ

ಯಲಬುರ್ಗಾ ಬಸ್ಸಿಗೆ ದಿನಾ ಬರುತ್ತಿದ್ದ ಹುಡುಗನೊಬ್ಬನಿಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ವಿಚಾರಿಸಲು ಹೆಣ್ಣಿನ ಸೋದರಮಾವ ಬರುತ್ತಾನೆ, ನನ್ನ ಬಗ್ಗೆ ನಾಲ್ಕು ಛಲೋ ಮಾತು ಹೇಳ್ರಿ ಅಂತ ಹುಡುಗ ಇವನ ಕೈ ಹಿಡಿದು ಬೇಡಿಕೊಂಡಿದ್ದ. ಇವನು ಎದೆ ಮುಟ್ಟಿಕೊಂಡು ಮಾತು ಕೊಟ್ಟ.

ಮಾವ ಬಂದ. ಇವನು ಶುರು ಮಾಡಿದ. ಹುಡುಗ ಬೀಡಿ ಮುಟ್ಟುವುದಿಲ್ಲ, ಹೆಣ್ಣುಮಕ್ಕಳು ನಿಂತಿದ್ದರೆ ಎದ್ದು ಸೀಟು ಕೊಡುತ್ತಾನೆ, ಮಳೆ ಇರಲಿ ಬಿಸಿಲಿರಲಿ ಮುಂಜಾನೆ ಎಂಟರ ಬಸ್ಸು ಒಂದು ದಿನವೂ ತಪ್ಪಿಸಿದವನಲ್ಲ. ಮಾವನ ಮುಖ ಅರಳಿತು. ಅಷ್ಟು ತಪ್ಪದೆ ಎಲ್ಲಿಗೆ ಹೋಗುತ್ತಾನೆ ಅಂತ ಕೇಳಿದ.

“ಕೆಲಸ ಹುಡುಕಾಕ್ರಿ,” ಅಂದ ಇವನು, ಅಷ್ಟೇ ಹೆಮ್ಮೆಯಿಂದ.

ದೇವರ ಕಡೆ

ಇದರಲ್ಲಿ ತಪ್ಪು ನನ್ನದೇ. ಇವನು ರಜೆ ಹಾಕಿ ತಿರುಪತಿಗೆ ಹೋಗಿದ್ದ. ಹನುಮಸಾಗರದಲ್ಲಿ ಹಿರಿಯರೊಬ್ಬರು, ಕಂಡಕ್ಟರ್ ಎಲ್ಲಿ ಕಾಣವಲ್ಲ ಅಂತ ಕೇಳಿದರು. ನಾನು ಗೇರ್ ಹಾಕುತ್ತ, “ದೇವರ ಕಡೆ ಹೋಗ್ಯಾನ್ರಿ,” ಅಂದು ಬಸ್ ಬಿಟ್ಟೆ. ಕನ್ನಡಿಯಲ್ಲಿ ಅವರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡದ್ದು ಕಂಡಿತ್ತು. ಧೂಳು ಬಿದ್ದಿರಬೇಕು ಅಂದುಕೊಂಡೆ.

ನಾಲ್ಕು ದಿನಕ್ಕೆ ಆ ಹಿರಿಯರು ಏಳೆಂಟು ಮಂದಿಯನ್ನು ಕರೆದುಕೊಂಡು, ದೊಡ್ಡದೊಂದು ಹಾರ ಹಿಡಿದು, ಭಾಗ್ಯನಗರದಲ್ಲಿ ಇವನ ಮನೆಗೆ ಬಂದರು. ಬಾಗಿಲು ತೆಗೆದವನು ಇವನೇ. ಹಿಂದಿನ ದಿನವಷ್ಟೇ ಊರಿಗೆ ಬಂದಿದ್ದ. ತಲೆ ಬೋಳು, ಮೀಸೆ ಇಲ್ಲ. ಸತ್ತವನ ತಮ್ಮ ಇರಬೇಕೆಂದು ತಿಳಿದು ಅವರು ಕೈ ಮುಗಿದು ತಲೆ ತಗ್ಗಿಸಿ ಕೂತರು. ಅವರ ಮುಖ ನೋಡಿದ ಇವನು, ಅವರ ಪೈಕಿ ಯಾರೋ ತೀರಿಕೊಂಡಿದ್ದಾರೆ, ಹೇಳಲು ಬಂದಿದ್ದಾರೆ ಅಂತ ತಿಳಿದ. ಸಮಾಧಾನ ಮಾಡಲು ಇವನಿಗಿಂತ ಹುಷಾರಿ ಯಾರು? ಹುಟ್ಟಿದವರೆಲ್ಲ ಒಂದು ದಿನ ಹೋಗುವವರೇ, ಧೈರ್ಯ ತಗೋರಿ ಅಂತ ಅವರ ಬೆನ್ನು ಸವರಿದ. ಅವರು ಇನ್ನಷ್ಟು ಅತ್ತರು. ಇವನೂ ಅತ್ತ.

ಆಮೇಲೆ ಮೆಲ್ಲಗೆ ಕೇಳಿದ: “ಹೆಂಗಾತ್ರಿ?”

“ಅದನ್ನ ನೀನ ಹೇಳಬೇಕಲ್ಲ ತಮ್ಮಾ,” ಅಂದರು ಹಿರಿಯರು. “ನಿಮ್ಮಣ್ಣ ಹತ್ತಿದ್ರ ಬಸ್ಸು ತುಂಬಿದಂಗ ಇರ್ತಿತ್ತು. ಈಗ ಬಂದಿರೋ ಕಂಡಕ್ಟರ್ ಮಾತ ಆಡೂದಿಲ್ಲ. ಬಸ್ಸು ಬಿಕೋ ಅಂತೈತಿ.”

ಆಗ ಇವನಿಗೆ ಸತ್ತವನು ಯಾರೆಂದು ತಿಳಿಯಿತು. ಜೀವಂತ ಇದ್ದೇನೆ ಅಂದರೆ ಯಾರೂ ನಂಬಲಿಲ್ಲ. ಹನುಮಸಾಗರದ ಪ್ರತಿಯೊಬ್ಬರ ಹೊಲ, ಸೊಸೆ, ಎಮ್ಮೆಗಳ ಹೆಸರು ಹೇಳಿದ ಮೇಲೆ ನಂಬಿದರು. ಆದರೆ ಇಷ್ಟು ದೂರ ತಂದ ಹಾರವನ್ನು ಏನು ಮಾಡುವುದು? ಇವನೇ ಕುತ್ತಿಗೆ ಬಗ್ಗಿಸಿದ. ಹಿರಿಯರು ಹಾಕಿದರು. ಎಲ್ಲರೂ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಕೇಳಿ ಇವನ ಹೆಂಡತಿ ಒಳಗಿನಿಂದ ಚಹಾ ಹಿಡಿದುಕೊಂಡು ಬಂದಳು. ಬೋಳು ತಲೆ, ಮಂಡಿತನಕ ಹಾರ, ಸುತ್ತ ಕೈ ಮುಗಿದ ಮಂದಿ. ಎಲ್ಲರನ್ನೂ ಒಂದು ಸಲ ನೋಡಿ ಗಂಡನಿಗೆ ಕೇಳಿದಳು:

“ರಿಟೈರ್ ಆಗಾಕ ಇನ್ನೂ ಎರಡ ವರ್ಷ ಐತಲ್ರಿ, ಈಗ ಯಾಕ ಸನ್ಮಾನ ಇಟ್ಕೊಂಡ್ರಿ?”