ಕತ್ತು ಓರೆ ಮಾಡಿದ ತಪ್ಪು

"ಈ ಕಾಲು ಯಾರದು?"

ಯಾರನ್ನೂ ಕೇಳಿದ್ದಲ್ಲ. ತೆಮೂಲೆನ್ ತನ್ನ ಮಂಗೋಲಿಯಾದ ಮಾತಿನಲ್ಲಿ ಗಾಳಿಯನ್ನು ಕೇಳಿದ್ದು. ಸುಮೊ ಕುಸ್ತಿ ನೋಡುವವರು ಕೂರಲೆಂದು ಕಬ್ಬಿಣದ ಕಂಬಿ ಸುತ್ತಿದ ನಾಲ್ಕಡಿಯ ಚೌಕ. ಅದರೊಳಗೆ ನಾಲ್ಕು ದಿಂಬು, ನಾಲ್ಕು ಜನ, ಎಂಟು ಕಾಲು, ಊಟದ ಡಬ್ಬಿಗಳು, ಒಂದು ಟೀ ಪಾತ್ರೆ. ಬೆಳಿಗ್ಗೆ ಹತ್ತಕ್ಕೆ ಮಡಚಿದ ಕಾಲು ಮಧ್ಯಾಹ್ನ ಎರಡರ ಹೊತ್ತಿಗೆ ಅವನ ಸಂಬಂಧ ಕಡಿದುಕೊಂಡಿತ್ತು. ಗುರುತು ಹಿಡಿಯಲೆಂದು ಎದುರಿಗಿದ್ದ ಒಂದು ಕಾಲನ್ನು ಚಿವುಟಿದ. ತೋಫು ಅಂಗಡಿಯ ಕುರಾಮೋಚಿ "ಅಯ್ಯಯ್ಯೋ!" ಎಂದರು. ಅದಂತೂ ತನ್ನದಲ್ಲ ಎಂದು ಖಾತ್ರಿಯಾಯಿತು.

ತೆಮೂಲೆನ್ ಟೋಕಿಯೊಗೆ ಬಂದು ಎರಡು ವರ್ಷ. ಓದುತ್ತಿದ್ದದ್ದು ಗ್ರಂಥಾಲಯ ಶಾಸ್ತ್ರ. ಬದುಕಿನಲ್ಲಿ ಅವನು ಎತ್ತಿದ ಅತಿ ಭಾರದ ವಸ್ತುವೆಂದರೆ ಒಂದು ನಿಘಂಟು. ಅದನ್ನೂ ಎರಡು ಸಲಕ್ಕೆ ಎತ್ತಿದ್ದ. ಆದರೆ ಮಂಗೋಲಿಯಾದವನು ಎಂದಮೇಲೆ ಮಲ್ಲನೇ ಇರಬೇಕೆಂದು ಅವನಿದ್ದ ಬೀದಿ ತೀರ್ಮಾನಿಸಿತ್ತು.

ಹದಿನೈದು ದಿನದ ಹಿಂದೆ ಮನೆಯೊಡತಿ ಓಕಿಮೋತೊ ಅಜ್ಜಿ ಸಾರು ಬಡಿಸುತ್ತಾ ಕೇಳಿದ್ದರು: "ದೊಡ್ಡ ಪಂದ್ಯಾವಳಿ ಮುಗಿದ ಮುಂದಿನ ಭಾನುವಾರ ನಮ್ಮ ಗುಡಿ ಹಬ್ಬದ ಕುಸ್ತಿ. ಐದು ವರ್ಷದಿಂದ ಮೀನು ಬೀದಿಯವರೇ ಗೆಲ್ತಿದಾರೆ. ಈ ಸಲ ನಮ್ಮ ಬೀದಿಗೆ ನೀನು ಇಳೀತೀಯಲ್ಲಪ್ಪ?"

ಮೀನು ಬೀದಿಯ ಪೈಲ್ವಾನನನ್ನು ತೆಮೂಲೆನ್ ನೋಡಿದ್ದ. ಆಳುದ್ದದ ಮೀನನ್ನು ನಿದ್ದೆ ಹೋದ ಕೂಸಿನಂತೆ ಹೆಗಲಿಗೆ ಹಾಕಿಕೊಂಡು ಓಡಾಡುವ ಮನುಷ್ಯ.

ಆ ಊರಲ್ಲಿ ಯಾರೂ ಮುಖ ನೋಡಿ ಒಲ್ಲೆ ಎನ್ನುವುದಿಲ್ಲ. ಹಲ್ಲಿನ ಸಂದಿಯಲ್ಲಿ 'ಸ್ಸ್' ಎಂದು ಉಸಿರೆಳೆದು, ಕತ್ತು ಓರೆ ಮಾಡಿ ಸುಮ್ಮನಾದರೆ ಮುಗಿಯಿತು. ಕೇಳಿದವರೇ ಕ್ಷಮೆ ಕೇಳಿ ಹೊರಟುಹೋಗುತ್ತಾರೆ. ತೆಮೂಲೆನ್ ಅದನ್ನು ಕಷ್ಟಪಟ್ಟು ಕಲಿತಿದ್ದ. ಒಂದಿಷ್ಟೂ ಲೋಪವಿಲ್ಲದೆ ಉಸಿರೆಳೆದ, ಕತ್ತು ಓರೆ ಮಾಡಿದ.

ಅಜ್ಜಿ ಹೊರಗೆ ಹೋಗಿ ಬೀದಿಗೆಲ್ಲ ಹೇಳಿದರು: "ಹೊರದೇಶದವರು ಒಲ್ಲೆ ಅನ್ನೋದಾದ್ರೆ ಮುಖಕ್ಕೆ ಹೊಡೆದ ಹಾಗೆ ಅಂದ್ಬಿಡ್ತಾರೆ. ಇವನು ಅನ್ನಲಿಲ್ಲ, ಒಪ್ಕೊಂಡ. ಪಾಪ, ಹಲ್ಲುನೋವು ಬೇರೆ ಇದೆ ಮಗೂಗೆ."

ಮರುದಿನ ಬಾಗಿಲು ತೆಗೆದರೆ ಹೊಸಿಲ ಮೇಲೆ ಹಲ್ಲುನೋವಿನ ಔಷಧಿ. ಅದರ ಪಕ್ಕದಲ್ಲಿ ಅಳತೆಗೆ ಸರಿಯಾಗಿ ಹೊಲಿದ ಕುಸ್ತಿಯ ಕಾಸೆ.

ಇಂದು ಪಂದ್ಯಾವಳಿಯ ಕೊನೆಯ ದಿನ. ನೋಡಿ ಕಲಿಯಲಿ ಎಂದು ಅವನನ್ನು ರ್ಯೋಗೊಕು ಬಡಾವಣೆಯ ಈ ಕ್ರೀಡಾಮಂದಿರಕ್ಕೆ ಕರೆತಂದಿದ್ದರು. ಟಿಕೆಟ್ ತಂದವರು ಕುರಾಮೋಚಿ. ಮಲ್ಲ ಹಯಾಗುಮೊನ ಗರಡಿಗೆ ದಿನಾ ತೋಫು ಹಾಕುವವರು. ಹಯಾಗುಮೊ ಎಂಬುದು ಗರಡಿ ಕೊಟ್ಟ ಹೆಸರು, ಅವನು ಕೂಡ ಮಂಗೋಲಿಯಾದವನು. ತೆಮೂಲೆನ್ ಬಂದದ್ದು ಅದೊಂದೇ ಆಸೆಗೆ. ಅಷ್ಟು ದೊಡ್ಡ ಮಲ್ಲ 'ಇವನ ಕೈಲಾಗದು' ಎಂದರೆ ಎದುರು ಮಾತಾಡುವವರು ಯಾರು?

"ಹೆದರಬೇಡ ಕಣೋ," ಎಂದ ಸಹಪಾಠಿ ಸೋಹೆಯಿ, ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ ಚೀಪುತ್ತಾ. "ನೀನು ಎಷ್ಟೇ ಚೆನ್ನಾಗಿ ಆಡಿದ್ರೂ ನಿನ್ನನ್ನ ಆ ಗರಡಿಗೆ ಸೇರಿಸ್ಕೊಳಲ್ಲ. ಗರಡಿಗೆ ಒಬ್ಬನೇ ಹೊರದೇಶದವನು, ಅದು ಕಟ್ಟಳೆ. ಹಯಾಗುಮೊ ಇರೋವರೆಗೂ ಜಾಗ ಇಲ್ಲ."

"ನಿನ್ನ ಬಾಯಿಗೆ ಇನ್ನೊಂದು ಕಡ್ಡಿ ತುರುಕು," ಎಂದ ತೆಮೂಲೆನ್.

ಅಜ್ಜಿ ಮೂರನೇ ಡಬ್ಬಿ ಬಿಚ್ಚಿ ಅವನ ತೊಡೆಯ ಮೇಲಿಟ್ಟರು. ಅವನು 'ಸ್ಸ್' ಎಂದು ಉಸಿರೆಳೆದು ಕತ್ತು ಓರೆ ಮಾಡಿದ.

"ಮತ್ತೆ ಹಲ್ಲಾ? ಹಾಗಾದ್ರೆ ಮೆತ್ತಗಿರೋದು ತಿನ್ನು," ಎಂದು ಆರು ಸಿಹಿ ಉಂಡೆ ಕೊಟ್ಟರು.

ಉಂಡೆಗಳಿಂದ ತಪ್ಪಿಸಿಕೊಳ್ಳಲು ಏಳಹೋದ. ಜೋಮು ಹಿಡಿದ ಕಾಲು ಏಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಎತ್ತಿದ, ಕೈ ಜಾರಿತು, ಕಾಲು ಧೊಪ್ಪೆಂದು ನೆಲಕ್ಕೆ ಬಿತ್ತು. ಥೇಟ್ ಮಲ್ಲರು ಕಣಕ್ಕಿಳಿದು ಕಾಲೆತ್ತಿ ನೆಲ ತುಳಿಯುವ ಹಾಗೆ. ಹಿಂದಿನ ಚೌಕದ ಮುದುಕರೊಬ್ಬರು "ಭಲೇ!" ಎಂದು ಚಪ್ಪಾಳೆ ತಟ್ಟಿದರು.

"ನೋಡಿದ್ರಾ ಅಮ್ಮಾ? ರಕ್ತದಲ್ಲೇ ಇದೆ," ಎಂದರು ಕುರಾಮೋಚಿ, ಚಿವುಟಿದ ಜಾಗ ಸವರಿಕೊಳ್ಳುತ್ತಾ.

ಹಯಾಗುಮೊ ಕಣಕ್ಕೆ ಬಂದಾಗ ಸಂಜೆಯಾಗಿತ್ತು. ಬಾಯಿ ಮುಕ್ಕಳಿಸಿದ, ಉಪ್ಪು ಎರಚಿ ಕಣ ಶುದ್ಧಿ ಮಾಡಿದ, ದೇವರ ಮುಂದೆ ನಿಂತವನಂತೆ ಕೈ ತಟ್ಟಿ ತೋಳು ಚಾಚಿದ. ತೆಮೂಲೆನ್ ಊರಿನ ವೀರರ ಹಾಡಿನಲ್ಲಾದರೆ ಇಬ್ಬರು ಮಲ್ಲರು ಕಾದಲು ಹತ್ತು ಪದ್ಯ ಬೇಕು. ಇಲ್ಲಿ ಅರ್ಧ ಸಾಲೂ ಹಿಡಿಯಲಿಲ್ಲ. ಹಯಾಗುಮೊ ಕಣದಿಂದುರುಳಿ ಮುಂದಿನ ಸಾಲಿನ ಹೆಂಗಸೊಬ್ಬಳ ಮಡಿಲ ಪಕ್ಕ ಕೂತಿದ್ದ. ಈ ಸಲದ ಒಂಬತ್ತನೇ ಸೋಲು. ಮೊಣಕಾಲು ಹಿಡಿದು ಎದ್ದವನ ಮುಖದಲ್ಲಿ ನಾಚಿಕೆಯಿರಲಿಲ್ಲ, ಸಿಟ್ಟಿರಲಿಲ್ಲ. ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಿಸಿಕೊಂಡವನ ದಣಿವು ಮಾತ್ರ ಇತ್ತು.

ಆರೂವರೆಗೆ ಅವನು ತಲೆಯೆಣ್ಣೆಯ ಘಮದೊಂದಿಗೆ ಗೇಟಿನಿಂದ ಹೊರಬಂದ. ಕುರಾಮೋಚಿ ಸೊಂಟ ಬಗ್ಗಿಸಿ, "ಇವನೇ ನಾನು ಹೇಳಿದ್ದ ಹುಡುಗ," ಎಂದರು.

ತೆಮೂಲೆನ್ ತಾಯ್ನುಡಿಯಲ್ಲಿ ಗಡಬಡಿಸಿದ: "ಅಣ್ಣಾ, ನಗುನಗುತ್ತಾ ಕೇಳು, ಇವರೆಲ್ಲ ನೋಡ್ತಿದಾರೆ. ಭಾನುವಾರ ನನ್ನನ್ನ ಕುಸ್ತಿಗೆ ಇಳಿಸ್ತಾರಂತೆ. ನನಗೆ ಏನೇನೂ ಬರಲ್ಲ. 'ಇವನ ಕೈಲಾಗಲ್ಲ' ಅಂತ ಒಂದು ಮಾತು ಹೇಳ್ಬಿಡು."

"ನೀನೇ ಯಾಕೆ ಹೇಳಲಿಲ್ಲ?"

ತೆಮೂಲೆನ್ 'ಸ್ಸ್' ಎಂದು ಉಸಿರೆಳೆದು ಕತ್ತು ಓರೆ ಮಾಡಿ ತೋರಿಸಿದ.

ಹಯಾಗುಮೊ ಹೊಟ್ಟೆ ಕುಣಿಯುವಂತೆ ನಕ್ಕ. ನಗು ನಿಂತಾಗ ಕಣ್ಣು ಒದ್ದೆಯಾಗಿತ್ತು. "ನಾನು ಮಾಡಿದ್ದೂ ಅದನ್ನೇ ತಮ್ಮಾ. ಹದಿನಾರನೇ ವಯಸ್ಸಲ್ಲಿ ಗಡಿಯಾರ ರಿಪೇರಿ ಕಲಿಯೋಕೆ ಬಂದಿದ್ದೆ. ಶಾಲೆ ಗೇಟಲ್ಲಿ ಗರಡಿ ಗುರುಗಳು ನಿಂತಿದ್ರು. 'ಬರ್ತೀಯಾ?' ಅಂದ್ರು. ಕತ್ತು ಓರೆ ಮಾಡಿದೆ. ಹನ್ನೊಂದು ವರ್ಷ ಆಯ್ತು, ಇನ್ನೂ ನೆಟ್ಟಗಾಗಿಲ್ಲ."

"ಹಾಗಾದ್ರೆ ನನ್ನ ಸಂಕಟ ನಿನಗೆ ಗೊತ್ತು! ಹೇಳಣ್ಣಾ!"

ಹಯಾಗುಮೊ ಅವನ ತೋಳು ಅಮುಕಿದ. ಬೆನ್ನು ತಟ್ಟಿದ. ಸಂತೆಯಲ್ಲಿ ಕರು ಕೊಳ್ಳುವವನಂತೆ ಅವನ ಸುತ್ತ ಒಂದು ಸಲ ತಿರುಗಿ ನೋಡಿದ.

"ಎರಡೂ ಮೊಣಕಾಲು ಹೋಗಿವೆ. ಊರಿಗೆ ಕಳಿಸಿ ಅಂತ ಗುರುಗಳನ್ನ ಮೂರು ಸಲ ಬೇಡಿದೆ. 'ನಿಮ್ಮ ದೇಶದ ಇನ್ನೊಬ್ಬನನ್ನ ನಿನ್ನ ಜಾಗಕ್ಕೆ ನಿಲ್ಲಿಸಿ ಹೋಗು' ಅಂದಿದಾರೆ. ಗರಡಿಗೆ ಒಬ್ಬನೇ ಅಲ್ವಾ. ಭಾನುವಾರ ನಿಮ್ಮ ಗುಡಿಗೆ ನಿನ್ನನ್ನ ನೋಡೋಕೆ ಅವರೇ ಬರ್ತಿದಾರೆ. ಈ ತೋಫು ಯಜಮಾನರೇ ಕರೆದಿದ್ದು."

"ಎಷ್ಟು ಚೆನ್ನಾಗಿ ಮಾತಾಡ್ಕೋತಾರೆ ನೋಡಿ, ಒಡಹುಟ್ಟಿದವರ ಹಾಗೆ," ಎಂದು ಅಜ್ಜಿ ಕಣ್ಣೊರೆಸಿಕೊಂಡರು.

"ಅಣ್ಣಾ, ದಮ್ಮಯ್ಯ ಅಂತೀನಿ. ಒಂದೇ ಒಂದು ಮಾತು."

ಹಯಾಗುಮೊ ಹಲ್ಲಿನ ಸಂದಿಯಲ್ಲಿ ಉಸಿರೆಳೆದ. ಕತ್ತು ಓರೆ ಮಾಡಿದ. ಆಮೇಲೆ, ಹನ್ನೊಂದು ವರ್ಷಕ್ಕೆ ಮೊದಲ ಸಲ, ಅದನ್ನು ನೆಟ್ಟಗೆ ಮಾಡಿಕೊಂಡ.

"ಇಲ್ಲ. ಹೇಳೋದಿಲ್ಲ."