ಜಪಾನಿ ಹೆಂಡತಿಯರೂ ಪರ್ಲಡ್ಕದ ಗಂಡಂದಿರೂ

ಜಪಾನಿನವರು ಗಡಿಯಾರ ಮಾಡಲಿ, ಟ್ರಾನ್ಸಿಸ್ಟರ್ ಮಾಡಲಿ, ಮಡಚುವ ಕೊಡೆ ಮಾಡಲಿ, ನನ್ನ ಆಕ್ಷೇಪಣೆ ಏನೂ ಇಲ್ಲ. ಆದರೆ ಅವರು ತಮ್ಮ ಹೆಂಗಸರ ಅಭಿಪ್ರಾಯ ಕೇಳಿ, ಅದನ್ನು ಅಚ್ಚು ಹಾಕಿಸಿ, ಲೋಕಕ್ಕೆಲ್ಲ ಹಂಚಿದ್ದಿದೆಯಲ್ಲ, ಅದು ಮಾತ್ರ ಶುದ್ಧ ತಪ್ಪು. ಟೋಕಿಯೋದ ಹೆಂಗಸರು ಬಾಯಿ ಬಿಟ್ಟದ್ದಕ್ಕೆ ಪುತ್ತೂರಿನ ಪರ್ಲಡ್ಕದಲ್ಲಿ ನಾನು ಮನೆಯಿಂದ ಹೊರಗೆ ಬಿದ್ದೆ.

ಎಂಬತ್ತಾರನೆಯ ಇಸವಿಯಲ್ಲಿ ನಾನು ಶಿರಸ್ತೇದಾರನ ಹುದ್ದೆಯಿಂದ ನಿವೃತ್ತನಾದೆ. ಹಾರ ಹಾಕಿದರು, ಭಾಷಣ ಮಾಡಿದರು, 'ಮಹೇಶ್ವರ ರಾಯರ ಆಡಳಿತ ಪ್ರತಿಭೆ ಇನ್ನು ಮುಂದೆ ಅವರ ಮನೆಗೆ ಸಲ್ಲಲಿ' ಎಂದು ಹಾರೈಸಿದರು. ನಾನು ಅದನ್ನು ಆದೇಶವೆಂದೇ ತಿಳಿದೆ. ಮರುದಿನ ಬೆಳಿಗ್ಗೆಯೇ ಅಡಿಗೆಮನೆಯ ಅಧಿಕಾರ ವಹಿಸಿಕೊಂಡೆ.

ಮೂವತ್ತು ವರ್ಷ ನನ್ನ ಹೆಂಡತಿ ಶಂಕರಿ ಆ ಅಡಿಗೆಮನೆಯನ್ನು ಯಾವ ನಿಯಮಾವಳಿಯೂ ಇಲ್ಲದೆ ನಡೆಸಿದ್ದಳು ಎಂಬುದು ತಪಾಸಣೆಯಿಂದ ತಿಳಿದುಬಂತು. ದೋಸೆಗೆ ಎಣ್ಣೆ ಹಾಕುವಾಗ ಪಕ್ಕದಲ್ಲಿ ನಿಂತು, "ಇಷ್ಟು ಎಣ್ಣೆ ಯಾವ ಆಧಾರದ ಮೇಲೆ?" ಎಂದು ಕೇಳಿದೆ. ಅವಳು ಸಟ್ಟುಗ ತೋರಿಸಿ "ಈ ಆಧಾರದ ಮೇಲೆ" ಎಂದಳು. ಸೋಮವಾರದ ಸಂತೆಗೆ ಜೊತೆಯಲ್ಲಿ ಹೋಗಿ, ತೊಂಡೆಕಾಯಿ ಮಾರುವ ಚನಿಯಪ್ಪನ ತಕ್ಕಡಿಯನ್ನು ಪರಿಶೀಲಿಸಿದೆ. ಅವನು ನನ್ನ ಕಡೆ ನೋಡದೆ ಶಂಕರಿಗೆ ಹೇಳಿದ: "ಅಕ್ಕ, ಮುಂದಿನ ವಾರ ಅಣ್ಣನನ್ನು ಮನೆಯಲ್ಲೇ ಬಿಟ್ಟು ಬನ್ನಿ, ಎರಡು ಮುಷ್ಟಿ ಹೆಚ್ಚು ಹಾಕ್ತೇನೆ."

ಇವೆಲ್ಲ ಚಿಲ್ಲರೆ. ನನ್ನ ಮಹಾಸುಧಾರಣೆ ಡಬ್ಬಿಗಳದ್ದು. ಕಚೇರಿಯ ಕಡತಗಳಂತೆ ಅಡಿಗೆಮನೆಯ ಡಬ್ಬಿಗಳನ್ನೂ ನಾನು ಅಕಾರಾದಿಯಾಗಿ ಜೋಡಿಸಿದೆ. ಅಕ್ಕಿ, ಇಂಗು, ಉದ್ದು, ಉಪ್ಪು, ಹೀಗೆ. (ಬೆಲ್ಲವನ್ನು 'ಬ'ದಲ್ಲಿ ಇಡುವುದೋ, 'ಅಚ್ಚುಬೆಲ್ಲ'ವೆಂದು 'ಅ'ದಲ್ಲಿ ಇಡುವುದೋ ಎಂದು ಅರ್ಧ ದಿನ ಯೋಚಿಸಿದ್ದೆ.) ಸಂಜೆ ಸುಳ್ಯದ ಹತ್ತಿರದ ಆಲೆಟ್ಟಿಯಿಂದ ಶಂಕರಿಯ ತಮ್ಮ ಕೃಷ್ಣಮೋಹನ ಬಂದ. ಶಂಕರಿ ಎಂದಿನ ಅಭ್ಯಾಸದಲ್ಲಿ ಮಾತಾಡುತ್ತಾ ಮಾತಾಡುತ್ತಾ ಕೈ ಚಾಚಿ, ಮೊದಲು ಸಕ್ಕರೆ ಇರುತ್ತಿದ್ದ ಜಾಗದ ಡಬ್ಬಿಯಿಂದ ಎರಡು ಚಮಚ ಚಹಾಕ್ಕೆ ಹಾಕಿದಳು. ಆ ಜಾಗದಲ್ಲಿ ವರ್ಣಮಾಲೆಯ ಪ್ರಕಾರ ಸೋಡಾಪುಡಿ ಇತ್ತು. ಲೋಟದಲ್ಲಿ ನೊರೆ ಎದ್ದಿತು. ಕೃಷ್ಣಮೋಹನ ಮರ್ಯಾದಸ್ಥ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ನನ್ನನ್ನೂ ಅಕ್ಕನನ್ನೂ ನೋಡಿ, ಮೆಲ್ಲನೆ ಎದ್ದು ಅಂಗಳದ ದಾಸವಾಳದ ಬುಡಕ್ಕೆ ಹೋಗಿ ಬಂದ. ಆಮೇಲೆ ಸುಳ್ಯದ ಬಸ್ಸಿಗೆ ತಡವಾಗುತ್ತದೆಂದ.

ಅವನು ಹೋದ ಮೇಲೆ ಶಂಕರಿ ಬೈಯಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಇಂಥ ಬಿಗಿಯ ವಾತಾವರಣದಲ್ಲಿ, ಮನೆಯ ಗಾಳಿ ಸ್ವಲ್ಪ ಹಗುರಾಗಲಿ ಎಂದು ನಾನು ವಾರಪತ್ರಿಕೆ ಹಿಡಿದು ಜಗಲಿಯಲ್ಲಿ ಕುಳಿತೆ. ಜಪಾನಿನ ಜನರ ನಿತ್ಯಜೀವನದ ಬಗ್ಗೆ ಅಲ್ಲಿ ನಡೆದ ಅಭಿಪ್ರಾಯ ಸಂಗ್ರಹಗಳಿಂದ ಆಯ್ದ ಸಂಗತಿಗಳು ಅದರಲ್ಲಿದ್ದವು. ಶಂಕರಿ ಅಲ್ಲೇ ಕುಳಿತು ಬದನೆ ಹೆಚ್ಚುತ್ತಿದ್ದಳು. ಗಟ್ಟಿಯಾಗಿ ಓದತೊಡಗಿದೆ.

"ಕೇಳಿದಿಯಾ? ಜಪಾನಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ತಾವು ಮಧ್ಯಮ ವರ್ಗದವರು ಅಂತ ಹೇಳ್ತಾರಂತೆ."

"ನಮ್ಮಲ್ಲಿ ಕೇಳಲಿ ನೋಡುವ. ರೇಷನ್ ಕಾರ್ಡಿಗೆ ಕೇಳಿದ್ರೆ ಬಡವರು, ಮದುವೆ ಮಾತಿಗೆ ಕೇಳಿದ್ರೆ ಸಾವ್ಕಾರರು."

"ರಜೆ ಸಿಕ್ಕಿದರೆ ಎಂತ ಮಾಡ್ತೀರಿ ಅಂತ ಗಂಡಸರನ್ನು ಕೇಳಿದ್ದಕ್ಕೆ, ಮನೆಯಲ್ಲಿ ಸುಮ್ಮನೆ ಬಿದ್ದುಕೊಳ್ತೇವೆ ಅಂದ್ರಂತೆ."

"ಸುಮ್ಮನೆ!" ಎಂದು ಶಂಕರಿ ನಿಟ್ಟುಸಿರು ಬಿಟ್ಟಳು. "ಪುಣ್ಯ ಮಾಡಿದ್ದಾರೆ ಅವರ ಹೆಂಗಸರು."

"ಪಾಪ ಅನ್ನು! ಅಲ್ಲಿಯ ಗಂಡಂದಿರು ಮನೆಗೆ ಬಂದ ಮೇಲೆ ಆಡುವುದು ಮೂರೇ ಮಾತಂತೆ. 'ಸ್ನಾನ', 'ಊಟ', 'ನಿದ್ದೆ'."

ಬದನೆ ಹೆಚ್ಚುತ್ತಿದ್ದ ಕೈ ನಿಂತಿತು. "ಎಣ್ಣೆ ಬಗ್ಗೆ ಏನೂ ಕೇಳುದಿಲ್ವಾ?"

ನಾನು ಕೇಳಿಸದವನಂತೆ ಮುಂದೆ ಓದಿದೆ. ಅಲ್ಲಿಗೇ ಪತ್ರಿಕೆ ಮಡಚಿ ಎದ್ದುಬಿಟ್ಟಿದ್ದರೆ ನನ್ನ ಬಾಳು ಬೇರೆಯಾಗುತ್ತಿತ್ತು. "ಇದನ್ನು ಕೇಳು, ಎಂಥ ಹೆಂಗಸರು ಮಾರಾಯ್ತಿ! ಒಳ್ಳೆಯ ಗಂಡ ಅಂದ್ರೆ ಯಾರು ಅಂತ ಕೇಳಿದ್ರೆ ಅವರು ಎಂತ ಹೇಳ್ತಾರಂತೆ ಗೊತ್ತುಂಟಾ? ಆರೋಗ್ಯವಾಗಿ ಇರ್ಬೇಕು, ಮನೆಯಲ್ಲಿ ಇರ್ಬಾರದು!"

ನಾನು ನಕ್ಕೆ. ಶಂಕರಿ ನಗಲಿಲ್ಲ. ಕತ್ತಿಯ ಮಣೆಯನ್ನು ಪಕ್ಕಕ್ಕೆ ಸರಿಸಿದಳು. "ಇನ್ನೊಮ್ಮೆ ಓದಿ" ಎಂದಳು. ಓದಿದೆ. ಆಗ ನಕ್ಕಳು ನೋಡಿ! ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎದ್ದುಹೋಗಿ ಹಿತ್ತಿಲ ಗೋಡೆಯ ಹತ್ತಿರ ನಿಂತು ನೆರೆಮನೆಯ ಕದೀಜಮ್ಮನನ್ನು ಕರೆದಳು. ಗೋಡೆಯ ಆಚೆಯಿಂದ ಕದೀಜಮ್ಮನ ಧ್ವನಿ ನನಗೆ ಸ್ಪಷ್ಟವಾಗಿ ಕೇಳಿಸಿತು: "ಆ ಊರಿನ ಹೆಂಗಸರಿಗೆ ಬುದ್ಧಿ ಉಂಟು ಶಂಕ್ರಕ್ಕ! ನಮ್ಮವರು ದುಬಾಯಿಯಲ್ಲಿ ಇದ್ದಾರಲ್ಲ, ಎಷ್ಟು ಒಳ್ಳೆ ಮನುಷ್ಯ ಅಂತೀರಿ!"

ನನಗೆ ನಿಜವಾಗಿಯೂ ನೋವಾಯಿತು. ಪ್ರತಿಭಟನೆಯಾಗಿ ಅಂದಿನಿಂದ ನಾನೂ ಜಪಾನಿಯಾದೆ. ಬಚ್ಚಲಿನ ಕಡೆ ಮುಖ ಮಾಡಿ "ಸ್ನಾನ" ಎಂದೆ. ಬಿಸಿನೀರು ಬಂತು. ಮಣೆಯ ಮೇಲೆ ಕುಳಿತು "ಊಟ" ಎಂದೆ. ಬದನೆ ಗೊಜ್ಜು ಬಂತು. ಉಪ್ಪು ಹೆಚ್ಚಾಗಿತ್ತು. ಹೇಳಲು ಬಾಯಿ ತುರಿಸಿತು, ಆದರೆ ಮೂರು ಮಾತಿನಲ್ಲಿ ಉಪ್ಪು ಇರಲಿಲ್ಲ. "ನಿದ್ದೆ" ಎಂದು ಹೇಳಿ ಮಲಗಿದೆ. ಎರಡು ದಿನದಲ್ಲಿ ಅವಳು ಸೋತು ಬಂದು, 'ಏನಾದರೂ ಮಾತಾಡಿ' ಎಂದು ಬೇಡಿಕೊಳ್ಳುತ್ತಾಳೆಂದು ಎಣಿಸಿದ್ದೆ. ಅವಳು ಬಂದಳು, ಹೌದು. ಬಂದು, "ಹೀಗೇ ಇರಿ ಮಾರಾಯ್ರೆ, ಚಂದ ಕಾಣ್ತೀರಿ" ಎಂದಳು. ಒಲೆಯ ಮುಂದೆ ಏನೋ ಹಾಡು ಗುನುಗತೊಡಗಿದಳು. ಮದುವೆಯಾದ ಹೊಸತರಲ್ಲಿ ಕೇಳಿದ್ದ ಹಾಡು ಅದು.

ಇನ್ನು ಸುಮ್ಮನಿರಬಾರದೆಂದು ನಿರ್ಧರಿಸಿದೆ. ಜಪಾನಿನ ಹೆಂಗಸರು ಏನು ಬೇಕಾದರೂ ಹೇಳಲಿ, ನಮ್ಮ ಹೆಂಗಸರು ಹಾಗಲ್ಲ ಎಂದು ತೋರಿಸಲು ನಾನೇ ಪರ್ಲಡ್ಕದಲ್ಲಿ ಒಂದು ಅಭಿಪ್ರಾಯ ಸಂಗ್ರಹ ಮಾಡಬೇಕು! ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೊಡೆ ಹಿಡಿದು ಹೊರಟೆ. ಪ್ರಶ್ನೆ ಒಂದೇ: ಗಂಡ ಮನೆಯಲ್ಲಿರುವುದು ಒಳ್ಳೆಯದೋ, ಹೊರಗಿರುವುದು ಒಳ್ಳೆಯದೋ?

ಮೊದಲ ಮನೆಯಾಕೆ ನನ್ನನ್ನು ಕುಟುಂಬ ಯೋಜನೆಯವನೆಂದು ತಿಳಿದು ಬಾಗಿಲು ಹಾಕಿಕೊಂಡಳು. ಎರಡನೆಯ ಮನೆಯಾಕೆ, "ಹೇಗೆ ಹೇಳಿದ್ರೆ ಸೀಮೆಎಣ್ಣೆ ಜಾಸ್ತಿ ಸಿಗ್ತದೆ?" ಎಂದು ಕೇಳಿದಳು. ಫಾರೆಸ್ಟ್ ಗಾರ್ಡ್ ಆಗಿ ನಿವೃತ್ತನಾದ ಚೆನ್ನಪ್ಪನ ಮನೆಯಲ್ಲಿ, ಚೆನ್ನಪ್ಪನೇ ಎದುರಿಗೆ ಕುಳಿತಿದ್ದ. ಅವನ ಹೆಂಡತಿ ಸೀತು, "ಮನೆಯಲ್ಲಿ ಇದ್ದರೇ ಒಳ್ಳೆದು ಸ್ವಾಮೀ" ಎಂದಳು. ನನಗೆ ಆನಂದವಾಯಿತು. ಹೊರಟಾಗ ಅವಳು ಗೇಟಿನವರೆಗೆ ಬಂದು ಮೆಲ್ಲನೆ, "ಹೊರಗೆ ಹೋಗುವ ಹಾಗೆ ಮಾಡ್ಲಿಕ್ಕೆ ಏನಾದ್ರೂ ದಾರಿ ಉಂಟಾ?" ಎಂದಳು.

ಕೊನೆಗೆ ನಿವೃತ್ತ ಪೋಸ್ಟ್‌ಮಾಸ್ಟರ್ ಸರ್ವೋತ್ತಮ ಕಾಮತರ ಮನೆಗೆ ಹೋದೆ. ಅವರ ಹೆಂಡತಿ ವಸುಮತಿ ನಮ್ಮ ಬೀದಿಯ ಮಹಿಳಾ ಮಂಡಳಿಯ ಅಧ್ಯಕ್ಷೆ. ಪ್ರಶ್ನೆ ಕೇಳಿ ಆಕೆ ನನ್ನನ್ನು ಕರುಣೆಯಿಂದ ನೋಡಿ, "ಕೂತುಕೊಳ್ಳಿ ಅಣ್ಣ, ಕಾಫಿ ಕುಡಿಯಿರಿ. ಶಂಕರಿ ಹತ್ತಿರ ನಾನು ಮಾತಾಡ್ತೇನೆ" ಎಂದರು. ನನ್ನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ, ಆದರೆ ಕಾಫಿ ಚೆನ್ನಾಗಿತ್ತು.

ಒಂದು ವಾರದೊಳಗೆ ನನ್ನ ಅದೃಷ್ಟ ಬದಲಾಯಿತು. ಸರ್ವೋತ್ತಮ ಕಾಮತರೂ ಚೆನ್ನಪ್ಪನೂ ಬಾಳೆಹಣ್ಣಿನ ಗೊನೆ ಹಿಡಿದುಕೊಂಡು ಮನೆಗೆ ಬಂದರು. ದರ್ಬೆಯಲ್ಲಿ ಅಕ್ಕಿ ಅಂಗಡಿಯ ಮಹಡಿಯ ಮೇಲೆ ಒಂದು ವಾಚನಾಲಯವಿದೆಯಷ್ಟೆ, ಅದಕ್ಕೆ ನಾನು ಅಧ್ಯಕ್ಷನಾಗಬೇಕಂತೆ.

"ನಿಮ್ಮಂಥ ಆಡಳಿತ ಗೊತ್ತಿದ್ದವರು ಬೇರೆ ಯಾರು ಇದ್ದಾರೆ ಹೇಳಿ?" ಎಂದರು ಕಾಮತರು. "ಬೆಳಿಗ್ಗೆ ಒಂಬತ್ತರಿಂದ ಒಂದು, ಮೂರರಿಂದ ಏಳು. ಆದಿತ್ಯವಾರ ರಜೆ."

ನಾನು ಸ್ವಲ್ಪ ಬಿಗುಮಾನ ತೋರಿಸಿದೆ. "ಮನೆಯಲ್ಲಿ ನನ್ನ ಅಗತ್ಯ ಬಹಳ ಉಂಟು. ಇವಳು ಒಬ್ಬಳೇ..."

ಶಂಕರಿ ಒಳಗಿನಿಂದ ಬಂದಳು. "ಊರಿನ ಕೆಲಸ ದೊಡ್ಡದು. ನನ್ನ ಕಷ್ಟ ನಾನು ಹೇಗಾದರೂ ಸುಧಾರಿಸಿಕೊಳ್ತೇನೆ" ಎಂದಳು. ಎಂಥ ತ್ಯಾಗ! ನನ್ನ ಕಣ್ಣು ಒದ್ದೆಯಾಯಿತು. ಅಂದು ರಾತ್ರಿ ಊಟಕ್ಕೆ ಪಾಯಸವಿತ್ತು.

ಸೋಮವಾರ ಅಧಿಕಾರ ಸ್ವೀಕರಿಸಿದೆ. ಸದಸ್ಯರೆಲ್ಲ ಬೀದಿಯ ನಿವೃತ್ತರೇ. ಪೇಪರುಗಳನ್ನು ಅಕಾರಾದಿಯಾಗಿ ಜೋಡಿಸಿದೆ, ಯಾರೂ ತಕರಾರು ಮಾಡಲಿಲ್ಲ. ಕೊನೆಗೂ ನನ್ನನ್ನು ಅರ್ಥ ಮಾಡಿಕೊಳ್ಳುವ ಜಾಗವೊಂದು ಸಿಕ್ಕಿತೆಂದು ಎದೆ ತುಂಬಿ ಬಂತು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಒಂದು ಸಣ್ಣ ಕೃತಜ್ಞತಾ ಭಾಷಣ ಮಾಡಿದೆ. "ಈ ಸ್ಥಾನಕ್ಕೆ ನನ್ನ ಹೆಸರನ್ನು ಮೊದಲು ಸೂಚಿಸಿದ ಮಹನೀಯರು ಯಾರೆಂದು ತಿಳಿಯಬಹುದೇ?"

ಚೆನ್ನಪ್ಪ ಕಪಟವಿಲ್ಲದ ಮನುಷ್ಯ. "ನಿಮ್ಮ ಮನೆಯವರೇ ಅಲ್ವಾ?" ಎಂದ. "ಬಾಳೆಗೊನೆ ಕೊಟ್ಟು ಕಳಿಸಿದ್ದೂ ಅವರೇ."

ನಾನು ಭಾಷಣದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿದೆ.

"ನಿನ್ನನ್ನು ಇಲ್ಲಿಗೆ ಯಾರು ಕಳಿಸಿದ್ದು?" ಎಂದು ಕೇಳಿದೆ.

"ನನ್ನವಳು. ಓದ್ಲಿಕ್ಕೆ ನನಗೆ ಕನ್ನಡಕ ಕೂಡ ಇಲ್ಲ ಸ್ವಾಮೀ."

ಹೆಂಡತಿ ಕಳಿಸಿ ಬಂದವರು ಕೈ ಎತ್ತಬೇಕೆಂದು ಹೇಳಿದೆ. ಒಬ್ಬೊಬ್ಬರಾಗಿ ಪೇಪರು ಕೆಳಗಿಟ್ಟು ಕೈ ಎತ್ತಿದರು. ಸರ್ವೋತ್ತಮ ಕಾಮತರೊಬ್ಬರು ಮಾತ್ರ ಎತ್ತಲಿಲ್ಲ. "ನನ್ನನ್ನು ಯಾರೂ ಕಳಿಸಿದ್ದಲ್ಲ. ವಾಚನಾಲಯ ಶುರುವಾದ ದಿನದಿಂದ ನಾನು ಸ್ವಂತ ಆಸಕ್ತಿಯಿಂದ ಬರುದು" ಎಂದು ಗಂಭೀರವಾಗಿ ಹೇಳಿದರು.

ಚೆನ್ನಪ್ಪ ಕೆಮ್ಮಿದ. "ನಿಮ್ಮನ್ನು ಹೊರಗೆ ಕಳಿಸ್ಲಿಕ್ಕೆ ಬೇಕಾಗಿಯೇ ವಸುಮತಿಯಮ್ಮ ಇದನ್ನು ಶುರು ಮಾಡಿಸಿದ್ದಂತೆ, ಕಾಮ್ತರೇ. ಸೀತು ಹೇಳ್ತಾ ಇದ್ದಳು."

ಕಾಮತರ ಮುಖವನ್ನು ನೋಡಲಾಗದೆ ನಾನು ಕೊಡೆ ತೆಗೆದುಕೊಂಡು ಎದ್ದೆ. ದರ್ಬೆಯಿಂದ ಪರ್ಲಡ್ಕದವರೆಗೆ ಹಲ್ಲು ಕಚ್ಚಿಕೊಂಡು ನಡೆದೆ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಂಗಳಕ್ಕೆ ಕಾಲಿಟ್ಟಾಗ ಒಳಗಿನಿಂದ ನಗು ಕೇಳಿಸಿತು. ಕಿಟಕಿಯಲ್ಲಿ ನೋಡಿದರೆ ಶಂಕರಿ, ವಸುಮತಿ, ಕದೀಜಮ್ಮ ಮೂವರೂ ಅಡಿಗೆಮನೆಯ ನೆಲದಲ್ಲಿ ಕಾಲು ಚಾಚಿ ಕುಳಿತಿದ್ದಾರೆ. ನಡುವೆ ಬಿಸಿ ಗೋಳಿಬಜೆಯ ತಟ್ಟೆ. ಡಬ್ಬಿಗಳೆಲ್ಲ ತಮ್ಮ ಹಳೆಯ ಜಾಗಕ್ಕೆ ಹೋಗಿವೆ. ಶಂಕರಿ ನನ್ನ ಧ್ವನಿಯನ್ನು ಅನುಕರಿಸಿ, "ಇಷ್ಟು ಎಣ್ಣೆ ಯಾವ ಆಧಾರದ ಮೇಲೆ?" ಎಂದು ಕೇಳುತ್ತಿದ್ದಳು. (ಒಪ್ಪಿಕೊಳ್ಳಬೇಕು, ಅನುಕರಣೆ ಚೆನ್ನಾಗಿಯೇ ಇತ್ತು.)

ಬಾಗಿಲಲ್ಲಿ ನಿಂತೆ. ನಗು ನಿಂತಿತು. ಜೋಡಿಸಿಕೊಂಡು ಬಂದ ಮಾತೊಂದೂ ನೆನಪಾಗಲಿಲ್ಲ.

"ಹಾಗಾದರೆ ಈ ಮನೆಗೆ ನಾನು ಬೇಡವಾ?" ಎಂದೆ. ಧ್ವನಿ ಶಿರಸ್ತೇದಾರನದ್ದಾಗಿರಲಿಲ್ಲ.

ಶಂಕರಿ ಎದ್ದು ಬಂದಳು. "ಬೇಡ ಅಂತ ಯಾರು ಹೇಳಿದ್ದು? ಮೂವತ್ತು ವರ್ಷ ಬೆಳಿಗ್ಗೆ ಹೋಗಿ ಸಂಜೆ ಬರ್ತಾ ಇದ್ರಿ. ಗೇಟಿನ ಸದ್ದು ಕೇಳಿದ್ರೆ ಚಹಾಕ್ಕೆ ನೀರಿಡುದು, ಅದೊಂದು ಖುಷಿ ನನಗೆ. ಈಗ ಇಡೀ ದಿನ ಇಲ್ಲೇ ಇದ್ದೀರಿ. ಹೋಗದೇ ಇರುವವರನ್ನು ಕಾಯುದು ಹೇಗೆ ಮಾರಾಯ್ರೆ?"

ಇಷ್ಟು ವರ್ಷ ನನ್ನ ಗೇಟಿನ ಸದ್ದಿಗೆ ಕಿವಿ ಕೊಟ್ಟು ಕುಳಿತ ಹೆಂಗಸನ್ನು ನಾನು ಎಣ್ಣೆಯ ಲೆಕ್ಕ ಕೇಳಿದೆನಲ್ಲ! ಕದೀಜಮ್ಮ ತಟ್ಟೆ ಮುಂದೆ ಸರಿಸಿ, "ತಿನ್ನಿ ಅಣ್ಣ, ಬಿಸಿ ಉಂಟು" ಎಂದರು. ಒಂದು ಗೋಳಿಬಜೆ ತಿಂದೆ. ಮನಸ್ಸು ಪೂರಾ ಕರಗಿತು. ಉದಾರವಾಗಿ ಘೋಷಿಸಿದೆ: "ಆಗಲಿ. ವಾರವಿಡೀ ವಾಚನಾಲಯಕ್ಕೆ ಹೋಗುತ್ತೇನೆ. ಆದರೆ ಆದಿತ್ಯವಾರ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ ಇದ್ದು ನಿನಗೆ ಸಹಾಯ ಮಾಡುತ್ತೇನೆ!"

ಮೂವರೂ ಮುಖ ಮುಖ ನೋಡಿಕೊಂಡರು. ವಸುಮತಿ ಗಂಟಲು ಸರಿಮಾಡಿಕೊಂಡರು. "ನಾವು ಅದನ್ನೇ ಮಾತಾಡ್ತಾ ಇದ್ದದ್ದು ಅಣ್ಣ. ಆದಿತ್ಯವಾರವೂ ತೆರೆದಿಟ್ರೆ ಒಳ್ಳೆದು ಅಂತ ಮಂಡಳಿಯಲ್ಲಿ ಎಲ್ಲರ ಅಭಿಪ್ರಾಯ."

"ಎಲ್ಲರದ್ದೂ?" ಎಂದು ನಾನು ಶಂಕರಿಯನ್ನು ನೋಡಿದೆ.

ಅವಳು ಬಾಣಲೆ ನೋಡಲು ಹೋದಳು.

ಆ ಆದಿತ್ಯವಾರ ನಾನು ಬೀಗದ ಕೈ ಹಿಡಿದು ಹೋದಾಗ, ಸದಸ್ಯರೆಲ್ಲ ಅಕ್ಕಿ ಅಂಗಡಿಯ ಮೆಟ್ಟಿಲಲ್ಲಿ ಆಗಲೇ ಸಾಲಾಗಿ ಕುಳಿತಿದ್ದರು. ಕಾಮತರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಒಬ್ಬ ಹೊಸಬ ನಿಂತಿದ್ದ. ಗರಿಗರಿ ಅಂಗಿ, ತಲೆಗೆ ಎಣ್ಣೆ, ಬೆರಳಲ್ಲಿ ಹೊಸ ಉಂಗುರ. ಕಬಕದ ಕಡೆಯ ಹುಡುಗ, ದೇವದಾಸ ಎಂದು ಹೆಸರು, ಶಾಲೆಯಲ್ಲಿ ಮಾಸ್ಟರ್. ಮದುವೆಯಾಗಿ ಇನ್ನೂ ಎರಡು ತಿಂಗಳು.

"ನಿನ್ನ ನಿವೃತ್ತಿಗೆ ಬಹಳ ಕಾಲ ಉಂಟಲ್ಲ ಮಾರಾಯ?" ಎಂದೆ.

ಅವನು ನೆಲ ನೋಡಿದ. "ಉಂಟು ಸಾರ್. ಆದಿತ್ಯವಾರದ ಮಟ್ಟಿಗೆ ಇಲ್ಲಿ ಸೇರಿಸಿಕೊಳ್ತೀರಿ ಅಂತ ಮನೆಯಲ್ಲಿ ಹೇಳಿದ್ರು."

ಬಾಗಿಲು ತೆಗೆದು ಅವನಿಗೆ ಕಿಟಕಿಯ ಹತ್ತಿರದ ಕುರ್ಚಿ ಕೊಟ್ಟೆ, ಪೇಪರನ್ನೂ ಮೊದಲು ಅವನಿಗೇ ಕೊಟ್ಟೆ. ಎಷ್ಟಾದರೂ ನಮಗಿಂತ ಬುದ್ಧಿವಂತ. ಆ ಕುರ್ಚಿಗೆ ತಲುಪಲು ನಾನು ಇಡೀ ಒಂದು ಸರಕಾರಿ ನೌಕರಿ ಮುಗಿಸಬೇಕಾಗಿತ್ತು. ಅವನು ಎರಡೇ ತಿಂಗಳಲ್ಲಿ ತಲುಪಿದ್ದ.